ಸಮಿತಿಯ ತೀರ್ಮಾನವೇ ಅಂತಿಮ

ಕೇರಂ ಪಂದ್ಯಾವಳಿಯ ಕರಪತ್ರವನ್ನು ನಾನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೇಲಿನಿಂದ ಓದಿದವರು ಮೋಸ ಹೋಗುತ್ತಾರೆ. ಮೇಲೆ ದೇವರಿರುತ್ತಾನೆ. ದೇವರ ಕೆಳಗೆ ನಾಯಕರಿರುತ್ತಾರೆ. ನಾಯಕರ ಕೆಳಗೆ ಅವರಿಗೆ ಶುಭ ಕೋರುವ ಇಪ್ಪತ್ತು ಮಂದಿಯ ಪಾಸ್‌ಪೋರ್ಟ್ ಸೈಜಿನ ಮುಖಗಳಿರುತ್ತವೆ. ಅಷ್ಟು ಹೊತ್ತಿಗೆ ಕಾಗದ ಮುಗಿಯುತ್ತ ಬಂದು, ಪಂದ್ಯ ಎಲ್ಲಿ ನಡೆಯುತ್ತದೆ ಎಂಬ ಸಂಗತಿ ಯಾರದೋ ಮೊಣಕೈ ಸಂದಿಯಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿರುತ್ತದೆ. ಮೊದಲ ಬಹುಮಾನದ ಅಂಕಿ ಮಾತ್ರ ಲಾರಿಯ ನಂಬರ್ ಪ್ಲೇಟಿನಷ್ಟು ದೊಡ್ಡದು. ಎಲ್ಲಕ್ಕಿಂತ ಕೆಳಗೆ, ಪ್ರೆಸ್ಸಿನ ಹೆಸರಿಗಿಂತ ಒಂದೇ ಗೆರೆ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಸತ್ಯ ಕೂತಿರುತ್ತದೆ: ‘ಸಮಿತಿಯ ತೀರ್ಮಾನವೇ ಅಂತಿಮ.’

ಬೀದರ್, ಭಾಲ್ಕಿ, ಔರಾದ್ ಈ ಮೂರು ಊರುಗಳ ನಡುವೆ ಇಪ್ಪತ್ತೆರಡು ವರ್ಷ ಜೇಬಿನಲ್ಲಿ ಸ್ಟ್ರೈಕರ್ ಇಟ್ಟುಕೊಂಡು ತಿರುಗಿದವನು ನಾನು. ಆ ಸಾಲಿನ ಬಗ್ಗೆ ನನ್ನದು ಒಂದೇ ತಕರಾರು. ಸಮಿತಿಯ ತೀರ್ಮಾನ ಎಂದೂ ಅಂತಿಮವಾಗಿರುವುದಿಲ್ಲ. ಅರ್ಧ ಗಂಟೆಗೊಮ್ಮೆ ಬದಲಾಗುತ್ತದೆ. ಹಾಗಾಗಿ ನಮ್ಮ ಕಡೆ ಆಟಗಾರ ಇಬ್ಬರ ಜೊತೆ ಆಡಬೇಕು. ಎದುರಿಗೆ ಕೂತವನ ಜೊತೆ ಒಂದು ಆಟ, ಮೈಕ್ ಹಿಡಿದು ನಿಂತವನ ಜೊತೆ ಇನ್ನೊಂದು. ಮೊದಲನೆಯವನನ್ನು ನಾನು ಆಗಾಗ ಸೋಲಿಸಿದ್ದೇನೆ.

ಈ ಕಷ್ಟ ನಮ್ಮದು ಮಾತ್ರ ಅಂತ ಬಹಳ ದಿನ ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ಅಕ್ಕನ ಮಗ. ಅವನಿಗೆ ಪೋಕರ್ ಹುಚ್ಚು. ಮೊದಲು ಮೊಬೈಲಿನಲ್ಲೇ ಆಡುತ್ತಿದ್ದ. 2021ರಲ್ಲಿ ನಮ್ಮ ರಾಜ್ಯ ಸರಕಾರ ಕಾನೂನು ತಿದ್ದಿ ಅದನ್ನು ನಿಲ್ಲಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನೇ ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳಿಗೆಲ್ಲ ಬೀಗ ಬಿತ್ತು. ಒಟ್ಟಿನಲ್ಲಿ ಇಡೀ ದೇಶವೇ ಒಂದು ದೊಡ್ಡ ಪಂದ್ಯಾವಳಿ ಸಮಿತಿಯ ಹಾಗೆ ವರ್ತಿಸಿತು ಅನ್ನಿ. ಹುಡುಗ ಈಗ ರಜೆ ಹಾಕಿ ಗೋವಾಕ್ಕೆ ಹೋಗಿ, ಮಾಂಡೋವಿ ನದಿಯ ಹಡಗಿನಲ್ಲಿ ಕೂತು, ಎದುರುಬದುರು ಆಡಿ ಬರುತ್ತಾನೆ. ಬಂದವನು ಗೆದ್ದದ್ದನ್ನು ಹೇಳುವುದಿಲ್ಲ, ವ್ಯವಸ್ಥೆಯನ್ನು ಬೈಯುತ್ತಾನೆ. ಅದನ್ನು ಕೇಳಿದಾಗಲೇ ಇವನು ನಮ್ಮ ರಕ್ತ ಅಂತ ಗೊತ್ತಾದದ್ದು.

“ಮಾಮಾ, ಎಂಟು ಗಂಟೆಗೆ ಶುರು ಅಂತ ಹೇಳಿ ಹತ್ತಕ್ಕ ಶುರು ಮಾಡಿದ್ರು.”

“ಎರಡೇ ತಾಸು ಲೇಟಾ? ಪುಣ್ಯವಂತರು.”

“ಬ್ಲೈಂಡ್ಸ್ ಒಮ್ಮೆಗೇ ಏರಿಸಿಬಿಟ್ರು ಮಾಮಾ.”

ಬ್ಲೈಂಡ್ಸ್ ಅಂದರೆ ಏನು ಅಂತ ಅವನೇ ಬಿಡಿಸಿ ಹೇಳಿದ. ಎಲೆ ನೋಡುವ ಮುಂಚೆಯೇ ಪ್ರತಿ ಆಟಕ್ಕೂ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಮೊತ್ತ ಅದು. ಇಂತಿಷ್ಟು ನಿಮಿಷಕ್ಕೊಮ್ಮೆ ಏರುತ್ತ ಹೋಗುತ್ತದೆ. ನಡೆಸುವವರಿಗೆ ಮನೆಗೆ ಹೋಗುವ ಅವಸರ ಬಿದ್ದಾಗ ಸಿಕ್ಕಾಪಟ್ಟೆ ಏರಿಸುತ್ತಾರೆ. ಆಗ ಬುದ್ಧಿ ಓಡಿಸಲು ಪುರುಸೊತ್ತಿರುವುದಿಲ್ಲ, ಎಲೆ ಬಂದವನೇ ರಾಜ. ನನಗೆ ಥಟ್ಟನೆ ಅರ್ಥವಾಯಿತು. ಕೇರಂನಲ್ಲಿ ಒಂದು ಗೇಮ್ ಅಂದರೆ 25 ಪಾಯಿಂಟು ಅಥವಾ ಎಂಟು ಬೋರ್ಡು, ಯಾವುದು ಮೊದಲೋ ಅದು. ಮೂರರಲ್ಲಿ ಎರಡು ಗೇಮ್ ಗೆದ್ದವನು ಗೆದ್ದ. ಇದು ಪುಸ್ತಕದ ಮಾತು. ನಮ್ಮಲ್ಲಿ ಬೆಳಗ್ಗೆ ಮೂರು ಗೇಮ್ ಅಂತ ಶುರುವಾದದ್ದು ಊಟದ ಹೊತ್ತಿಗೆ ಒಂದೇ ಗೇಮ್ ಆಗುತ್ತದೆ. ನಾಲ್ಕು ಗಂಟೆಗೆ ಮೈಕ್ ಕೆಮ್ಮುತ್ತದೆ: “ಇನ್ನ ಮ್ಯಾಗ ಒಂದೇ ಬೋರ್ಡ್ ಆಡಿಸ್ತೀವ್ರಿ, ಸಹಕರಿಸ್ರಿ.” ಒಂದೇ ಬೋರ್ಡ್ ಅಂದರೆ ಟಾಸ್ ಗೆದ್ದು ಬಿಳಿ ಕಾಯಿ ಹಿಡಿದು ಬ್ರೇಕ್ ಹೊಡೆದವನ ಕಡೆಗೇ ಗಾಳಿ. ಆಟ ಗಿಡ್ಡವಾದಷ್ಟೂ ಅದೃಷ್ಟ ಉದ್ದವಾಗುತ್ತದೆ. ಇಪ್ಪತ್ತು ವರ್ಷ ಬೆರಳು ಸವೆಸಿದವನೂ ನಿನ್ನೆ ಸಂಜೆ ಕಲಿತವನೂ ಒಂದೇ ತಕ್ಕಡಿಯಲ್ಲಿ ಕೂರುತ್ತಾರೆ.

ಅಳಿಯ ಇನ್ನೊಂದು ಕತೆ ಹೇಳಿದ. 2006ರಲ್ಲಿ ಲಾಸ್ ವೇಗಾಸಿನ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯಕ್ಕೆ 8,773 ಜನ ಸೇರಿದ್ದರಂತೆ. ಕೊನೆಗೆ ಎಣಿಸಿದರೆ ಮೇಜಿನ ಮೇಲೆ ಇರಬೇಕಾದದ್ದಕ್ಕಿಂತ ಇಪ್ಪತ್ತು ಲಕ್ಷಕ್ಕೂ ಹೆಚ್ಚಿನ ಮೌಲ್ಯದ ಚಿಪ್ಸ್ ಇದ್ದವಂತೆ. ಚಿಪ್ಸ್ ಅಂದರೆ ಹಣದ ಬದಲು ಕೊಡುವ ಬಿಲ್ಲೆ. ಎಲ್ಲಿಂದ ಬಂದವು? ಸಣ್ಣ ಬಿಲ್ಲೆ ಕೊಟ್ಟು ದೊಡ್ಡ ಬಿಲ್ಲೆ ಪಡೆಯುವಾಗ ಲೆಕ್ಕ ತಪ್ಪಿದ್ದಿರಬೇಕು ಅಂದರಂತೆ. 2014ರ ಜನವರಿಯಲ್ಲಿ ಅಮೆರಿಕದ್ದೇ ಅಟ್ಲಾಂಟಿಕ್ ಸಿಟಿಯಲ್ಲಿ ಒಬ್ಬ ಆಟಗಾರ ಖೋಟಾ ಬಿಲ್ಲೆ ತಂದು ಆಡಿದ. ಸಿಕ್ಕಿಬೀಳುವ ಅಂಜಿಕೆಯಲ್ಲಿ ಉಳಿದವನ್ನು ಹೋಟೆಲ್ ಕೋಣೆಯ ಸಂಡಾಸಿನಲ್ಲಿ ಹಾಕಿ ನೀರು ಬಿಟ್ಟ. ಪೈಪು ಕಟ್ಟಿಕೊಂಡಿತು, ನೀರು ಸೋರಿತು, ಗುಟ್ಟು ರಟ್ಟಾಯಿತು. ಇಪ್ಪತ್ತೇಳು ಜನ ಉಳಿದಿದ್ದಾಗ ಪಂದ್ಯವನ್ನೇ ರದ್ದು ಮಾಡಿದರು. ಈ ಕತೆ ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಳಿಯನಿಗೆ ಇನ್ನೊಂದು ಕಪ್ ಚಾ ಮಾಡಿಸಿದೆ. ಕೋಟಿಗಟ್ಟಲೆ ಡಾಲರಿನ ಪಂದ್ಯದಲ್ಲೇ ಬಿಲ್ಲೆ ಲೆಕ್ಕ ಸಿಗದಿದ್ದರೆ, ಭಾಲ್ಕಿಯಲ್ಲಿ ಹತ್ತೊಂಬತ್ತು ಕಾಯಿಗೆ ಹದಿನೆಂಟು ಸಿಕ್ಕದ್ದು ದೊಡ್ಡ ಮಾತೇನಲ್ಲ.

ಇಷ್ಟು ಹೇಳಿದ ಮೇಲೆ ಒಂದು ನಿಜ ಒಪ್ಪಿಕೊಳ್ಳಬೇಕು. ನಮ್ಮ ಜಿಲ್ಲೆಯಲ್ಲಿ ಹೇಳಿದ ಹೊತ್ತಿಗೆ ಶುರುವಾಗಿ, ಭಾಷಣವಿಲ್ಲದೆ, ಸನ್ಮಾನವಿಲ್ಲದೆ, ನಿಯಮ ಬದಲಾಗದೆ, ಗೆದ್ದವನಿಗೆ ಆಗಿಂದಾಗಲೇ ದುಡ್ಡು ಕೈಗೆ ಸಿಗುವ ಆಟ ಇಲ್ಲವೇ ಇಲ್ಲ ಅಂತಲ್ಲ. ಅದು ಊರ ಹೊರಗೆ, ತೊಗರಿ ಹೊಲದ ಆಚೆ, ಬೇವಿನ ಮರದ ಕೆಳಗೆ ನಡೆಯುತ್ತದೆ. ಅಂದರ್ ಬಾಹರ್. ಅಲ್ಲಿ ತಡವಾಗಿ ಬರುವವರು ಪೊಲೀಸರು ಮಾತ್ರ. ಮರುದಿನ ಪೇಪರಿನಲ್ಲಿ ಇಷ್ಟು ಜನ, ಇಷ್ಟು ನಗದು, ಇಷ್ಟು ಎಲೆ ಅಂತ ಲೆಕ್ಕವೂ ಚೊಕ್ಕವಾಗಿ ಬರುತ್ತದೆ. ನಮ್ಮ ಯಾವ ಪಂದ್ಯಾವಳಿಯ ಜಮಾಖರ್ಚೂ ಹೀಗೆ ಪ್ರಕಟವಾದದ್ದನ್ನು ನಾನು ಕಂಡಿಲ್ಲ.

ನಮ್ಮ ಆಟದ ಕತೆಗೆ ಬರುತ್ತೇನೆ. ಹೈದರಾಬಾದಿನ ಗಾಳಿ ಬೀಸುವ ಊರು ಬೀದರ್. ಕೇರಂ ಇಲ್ಲಿ ಗಲ್ಲಿ ಗಲ್ಲಿಯಲ್ಲಿದೆ. ಚೌಬಾರಾದ ಸುತ್ತ ಹಳೇ ಪೇಟೆಯಲ್ಲಿ ರಾತ್ರಿ ಅಂಗಡಿ ಕದ ಮುಚ್ಚಿದ ಮೇಲೆ ಒಳಗಿನಿಂದ ಟಕ್, ಟಕ್ ಅಂತ ಸಪ್ಪಳ ಕೇಳಿದರೆ ಅದು ಬಿದ್ರಿ ಕೆಲಸದವರ ಸುತ್ತಿಗೆಯಾಗಿರಬೇಕು, ಇಲ್ಲವೇ ಕೇರಂ. ನಮ್ಮ ಮನೆಯಲ್ಲಿ ಮೂರನೆಯ ಸಾಧ್ಯತೆಯನ್ನೂ ಹೇಳುತ್ತಾರೆ: ನನ್ನ ತಲೆ ಮೇಲೆ ಲಟ್ಟಣಿಗೆ.

ಈ ಆಟಕ್ಕೆ ಕಟ್ಟುಪಾಡು ಇಲ್ಲವೆಂದಲ್ಲ. 1956ರಿಂದ ಅಖಿಲ ಭಾರತ ಕೇರಂ ಫೆಡರೇಶನ್ ಇದೆ. 1988ರಲ್ಲಿ ಚೆನ್ನೈಯಲ್ಲಿ ಅಂತರರಾಷ್ಟ್ರೀಯ ಫೆಡರೇಶನ್ನೂ ಹುಟ್ಟಿತು. ಅದೇ ಚೆನ್ನೈನ ಮರಿಯಾ ಇರುದಯಂ ಎರಡು ಸಲ ವಿಶ್ವ ಚಾಂಪಿಯನ್ ಆಗಿ, ಕೇರಂ ಆಡಿಯೂ ಅರ್ಜುನ ಪ್ರಶಸ್ತಿ ಪಡೆಯಬಹುದು ಅಂತ ತೋರಿಸಿದವರು. (ಈ ವಾಕ್ಯವನ್ನು ನಾನು ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಗೆ ಬಹಳ ಸಲ ಹೇಳಿದ್ದೇನೆ.) ಹಲಗೆಯ ಆಡುವ ಜಾಗ ಒಂದೊಂದು ಬದಿಗೆ 74 ಸೆಂಟಿಮೀಟರ್ ದಾಟುವಂತಿಲ್ಲ. ಸ್ಟ್ರೈಕರ್ 15 ಗ್ರಾಂ ಮೀರುವಂತಿಲ್ಲ. ಒಂದು ಹೊಡೆತಕ್ಕೆ 15 ಸೆಕೆಂಡು. ಕುರ್ಚಿ ಸರಿಸುವಂತಿಲ್ಲ, ಎದ್ದು ನಿಲ್ಲುವಂತಿಲ್ಲ. ರಾಣಿಗೆ ಮೂರು ಪಾಯಿಂಟು, ಆದರೆ ನಿಮ್ಮದು ಆಗಲೇ 22 ಆಗಿದ್ದರೆ ಆಕೆ ಬಂದರೂ ಬರಿಗೈ. ಇಷ್ಟೆಲ್ಲ ಕಟ್ಟುಪಾಡು ಚೆನ್ನೈಯಿಂದ ಹೊರಟು ಬೀದರ್ ಮುಟ್ಟುವಷ್ಟರಲ್ಲಿ ಪೌಡರಿನ ಹಾಗೆ ದಾರಿಯಲ್ಲೇ ಉದುರಿಹೋಗುತ್ತದೆ.

ಮೊದಲು ಬೀದರಿನ ಉದ್ಘಾಟನೆ. ಡಿಸೆಂಬರ್ ತಿಂಗಳು. ನಮ್ಮ ಊರಿನ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಕೈಬೆರಳು ಆಡುವುದಿಲ್ಲ ಅಂತ ಎಂಟೂವರೆಗೇ ಹೋಗಿ ಬೆರಳು ಕಾಯಿಸಿಕೊಂಡು ಕೂತೆ. ಒಂಬತ್ತಕ್ಕೆ ಸರಿಯಾಗಿ ಉದ್ಘಾಟನೆ ಅಂತ ಬರೆದಿತ್ತು. ಒಂಬತ್ತಕ್ಕೆ ಸರಿಯಾಗಿ ಶಾಮಿಯಾನಾದವನು ಬಂದ. ಹತ್ತಕ್ಕೆ ಕುರ್ಚಿ ಬಂದವು. ಹನ್ನೊಂದಕ್ಕೆ ಕೇರಂ ಬೋರ್ಡುಗಳು ಆಟೋದಲ್ಲಿ ಬಂದವು. ಅತಿಥಿಗಳು ಎಲ್ಲಿದ್ದಾರೆ ಅಂತ ಕೇಳಿದರೆ “ಬಂದ್ರು, ಬಂದ್ರು, ಗುಂಪಾ ದಾಟ್ಯಾರ್ರಿ” ಅಂದರು. ಗುಂಪಾ ಅಂದರೆ ನಮ್ಮ ಊರಿನದೇ ಒಂದು ಭಾಗ, ಅಲ್ಲಿಂದ ನಡೆದು ಬಂದರೂ ಅರ್ಧ ತಾಸು. ಅತಿಥಿಗಳು ಗುಂಪಾ ದಾಟುತ್ತಲೇ ಇದ್ದರು. ಹನ್ನೆರಡೂವರೆಗೆ ದಾಟಿ ಮುಗಿಯಿತು.

ಬಂದವರು ಮಾತಾಡಿದರು. ಕಬಡ್ಡಿ ಬಗ್ಗೆ ಬಹಳ ಒಳ್ಳೆಯ ಮಾತು ಹೇಳಿದರು. ಮೈಕಿನವನು ಕಿವಿಯಲ್ಲಿ ಏನೋ ಪಿಸುಗುಟ್ಟಿದ ಮೇಲೆ “ಕೇರಂ ಕೂಡ ಕಬಡ್ಡಿಯಂತೆಯೇ ದೇಹಕ್ಕೆ ಒಳ್ಳೇದು” ಅಂತ ಮುಗಿಸಿದರು. ಆಮೇಲೆ ಟೇಪು ಕಟ್ಟಿದ ಬೋರ್ಡಿನ ಮುಂದೆ ಕೂಡಿಸಿದರು. ಅತಿಥಿಗಳು ಮೊದಲ ಹೊಡೆತ ಹೊಡೆದರು. ಒಂದು ಕಾಯಿಯೂ ಅಲುಗಲಿಲ್ಲ. ಸ್ಟ್ರೈಕರ್ ಸುಖವಾಗಿ ಓರೆಯಾಗಿ ಹೋಗಿ ಎದುರಿನ ಕಿಸೆಯಲ್ಲಿ ಬಿತ್ತು. ಸಭೆ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ನನ್ನ ಡಬಲ್ಸ್ ಜೋಡಿದಾರ, ಕಟ್ಟಾ ನಿಯಮಸ್ಥ, ಬಾಯಿ ಮುಚ್ಚಿಕೊಂಡಿರಲಾರದೆ “ಡ್ಯೂ!” ಅಂದ. ಸ್ಟ್ರೈಕರ್ ಕಿಸೆಗೆ ಬಿದ್ದರೆ ದಂಡ, ಒಂದು ಕಾಯಿ ವಾಪಸ್ ಇಡಬೇಕು, ನಿಜ. ಆದರೆ ಅತಿಥಿಗಳಿಗೆ ಅದು ಜೈಕಾರದ ಹಾಗೆ ಕೇಳಿಸಿತೋ ಏನೋ, ಸಂತೋಷದಿಂದ ಕೈ ಎತ್ತಿ ನಮಸ್ಕಾರ ಮಾಡಿದರು. ಅವತ್ತು ನಮ್ಮ ಜೋಡಿಯ ಮೊದಲ ಪಂದ್ಯ ಸಂಜೆ ಏಳಕ್ಕೆ ಇಟ್ಟರು. ಕಾರಣ ಯಾರೂ ಹೇಳಲಿಲ್ಲ.

ಅದೇ ಪಂದ್ಯಾವಳಿಯ ಮೊದಲ ಬಹುಮಾನ ‘ಅಸಲಿ ಬಿದ್ರಿ ಕಪ್’. ಬಿದ್ರಿ ಅಂದರೆ ಸತುವು ತಾಮ್ರದ ಮಿಶ್ರಣ, ಮೇಲೆ ಬೆಳ್ಳಿಯ ಕುಸುರಿ. ಕೋಟೆಯ ಹಳೇ ಮಣ್ಣು ಕಲಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ತಲೆಮಾರು ಕಳೆದರೂ ಆ ಕಪ್ಪು ಹೋಗುವುದಿಲ್ಲ. ಗೆದ್ದ ಹುಡುಗ ಕಪ್ಪು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡ. ಬೆವರಿದ ಕೈ. ಐದು ನಿಮಿಷಕ್ಕೆ ಅಂಗೈ ಕಪ್ಪು, ಕಪ್ಪು ಬಿಳಿ. ಹುಡುಗ ಅಳುಮೋರೆ ಹಾಕಿದಾಗ ಸಮಿತಿಯ ಹಿರಿಯರೊಬ್ಬರು ಸಮಾಧಾನ ಹೇಳಿದರು: “ನೋಡಪಾ, ಅಸಲಿ ಅಂತ ಬರ್ದೀವಿ. ಬಿದ್ರಿ ಅಂತ ಬರ್ದೀವಿ. ಎರಡೂ ಕೂಡಿ ಓದು ಅಂತ ಎಲ್ಲಿ ಬರ್ದೀವಿ?”

ಭಾಲ್ಕಿಯ ದಾರಿ ನಲವತ್ತು ಕಿಲೋಮೀಟರ್ ಆಸುಪಾಸು. ಭಾಲ್ಕಿ ಅಂದರೆ ನಮಗೆ ಮೊದಲು ನೆನಪಾಗುವುದು ಹಿರೇಮಠದ ಚನ್ನಬಸವ ಪಟ್ಟದ್ದೇವರು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಪುಣ್ಯಾತ್ಮರು. ಅಲ್ಲಿ ಹೊರಗಿನ ಫಲಕಕ್ಕಿಂತ ಒಳಗಿದ್ದದ್ದು ದೊಡ್ಡದು. ಅದೇ ಊರಿನಲ್ಲಿ ನಾನು ಹೋದ ಪಂದ್ಯಾವಳಿಯ ಹೊರಗಿನ ಫಲಕ ಹನ್ನೆರಡು ಅಡಿ: ‘ಅಂತರರಾಜ್ಯ ಮಟ್ಟದ ಮುಕ್ತ ಕೇರಂ ಪಂದ್ಯಾವಳಿ.’ ಒಳಗೆ ಕುಬಸ ನಡೆದಿತ್ತು.

(ಅಂತರರಾಜ್ಯ ಅನ್ನುವುದು ನಮ್ಮ ಜಿಲ್ಲೆಯಲ್ಲಿ ದುಬಾರಿ ಶಬ್ದವಲ್ಲ. ಉದ್ಗೀರಿನಿಂದ ಒಬ್ಬ, ಜಹೀರಾಬಾದಿನಿಂದ ಒಬ್ಬ ಬಸ್ಸಿಗೆ ಬಂದರೆ ಮೂರು ರಾಜ್ಯ ಆಯಿತು. ಬೆಂಗಳೂರಿನವರು ಇದೇ ಕೆಲಸಕ್ಕೆ ವಿಮಾನದ ಖರ್ಚು ಹಾಕಬೇಕು.)

ಫಂಕ್ಷನ್ ಹಾಲನ್ನು ಒಂದೇ ದಿನಕ್ಕೆ ಎರಡು ಕಡೆ ಕೊಟ್ಟಿದ್ದರು. ಮೇಲಿನ ಹಾಲಿನಲ್ಲಿ ಬಸುರಿ ಹೆಣ್ಣುಮಗಳಿಗೆ ಹಸಿರು ಬಳೆ, ಕೆಳಗಿನ ಊಟದ ಹಾಲಿನಲ್ಲಿ ನಮಗೆ ಬೋರ್ಡು. ಡ್ರಾ ಎತ್ತಿದರು. ನಲವತ್ಮೂರು ಹೆಸರು. ಇಲ್ಲಿ ಓದುಗರು ಒಂದು ಲೆಕ್ಕ ಕೇಳಬೇಕು. ಸೋತವನು ಮನೆಗೆ ಅನ್ನುವ ಪದ್ಧತಿಯಲ್ಲಿ ನಲವತ್ಮೂರು ಜನ ಇದ್ದರೆ ಮುಂದಿನ ಅರವತ್ನಾಲ್ಕಕ್ಕೆ ಇಪ್ಪತ್ತೊಂದು ಕಡಿಮೆ. ಆ ಇಪ್ಪತ್ತೊಂದು ಜನರಿಗೆ ಮೊದಲ ಸುತ್ತಿನಲ್ಲೇ ಬೈ (ಆಡದೆಯೇ ಮುಂದಿನ ಸುತ್ತಿಗೆ ದಾರಿ) ಕೊಟ್ಟು, ಉಳಿದ ಇಪ್ಪತ್ತೆರಡು ಜನರನ್ನು ಆಡಿಸಿದರೆ ಹನ್ನೊಂದು ಜನ ಗೆಲ್ಲುತ್ತಾರೆ. ಎರಡೂ ಕೂಡಿ ಮೂವತ್ತೆರಡು. ಆಮೇಲೆ ಹದಿನಾರು, ಎಂಟು, ನಾಲ್ಕು, ಎರಡು. ನೀರು ಹರಿದಂತೆ ಹರಿಯುತ್ತದೆ. ಇದನ್ನು ಚೀಟಿಯ ಹಿಂದೆ ಬರೆದು ತೋರಿಸಿದೆ. “ಇಪ್ಪತ್ತೊಂದು ಮಂದಿಗಿ ಪುಕ್ಸಟ್ಟೆ ಬೈ ಕೊಟ್ರ ಜನ ಸುಮ್ನ ಇರ್ತಾರೇನ್ರಿ ಕಾಕಾ?” ಅಂದರು. ನಲವತ್ಮೂರು ಜನರನ್ನೂ ಜೋಡಿ ಮಾಡಿದರು. ಒಬ್ಬ ಉಳಿದ, ಅವನಿಗೆ ಬೈ. ಮುಂದೆ ಇಪ್ಪತ್ತೆರಡು. ಆಮೇಲೆ ಹನ್ನೊಂದು, ಮತ್ತೆ ಒಬ್ಬನಿಗೆ ಬೈ. ಆರು. ಆಮೇಲೆ ಮೂರು. ಸೆಮಿಫೈನಲ್ಲಿಗೆ ಮೂರೇ ಜನ! ಮೂವರ ಚೀಟಿ ಎತ್ತಿದರೆ ಬೈ ಯಾರಿಗೆ ಬರಬೇಕು? ಮೊದಲ ಸುತ್ತಿನಲ್ಲೂ, ಹನ್ನೊಂದು ಜನ ಇದ್ದಾಗಲೂ ಬೈ ಪಡೆದವನಿಗೇ ಬಂತು. ಆತ ಅಧ್ಯಕ್ಷರ ಹೆಂಡತಿಯ ತಮ್ಮ. ಚೀಟಿ ಎತ್ತಿದ್ದು ಐದು ವರ್ಷದ ಕೂಸು, ಆ ಕೂಸಿನ ಮೇಲೆ ಯಾರು ಸಂಶಯ ಪಡುತ್ತಾರೆ? ಆತನ ಮಗನೇ ಆಗಿದ್ದರೂ ಕೂಸು ಕೂಸೇ.

ನನ್ನ ಪಾಡು ಕೇಳಿ. ಎರಡನೆಯ ಸುತ್ತಿನಲ್ಲಿ ನಾನು 17, ಎದುರಿನವನು 6. ಜನ್ಮದಲ್ಲಿ ಮೂರನೆಯ ಸುತ್ತು ಕಾಣದವನಿಗೆ ಬಾಗಿಲು ಕಾಣುತ್ತಿತ್ತು. ಅಷ್ಟರಲ್ಲಿ ಅಡಿಗೆಯವರು ಬಂದು ಊಟದ ಪಂಕ್ತಿ ಬಿಡಬೇಕು, ಬೋರ್ಡು ಎತ್ತಿ ಅಂದರು. ಎತ್ತಿದರು. ನಾವು ಆಟಗಾರರೂ ಅದೇ ಜಾಗದಲ್ಲಿ ಕೂತು ಹುಗ್ಗಿ, ಭಜಿ, ಬದನೆಕಾಯಿ ಪಲ್ಯ ಉಂಡೆವು. ಯಾರ ಕುಬಸ ಅಂತ ಗೊತ್ತಿಲ್ಲದಿದ್ದರೂ ತಾಯಿ ಮಗು ಚೆನ್ನಾಗಿರಲಿ ಅಂತ ಮನಸಾರೆ ಹರಸಿದೆ, ಅಷ್ಟು ಚೆನ್ನಾಗಿತ್ತು ಹುಗ್ಗಿ. ಉಂಡೆದ್ದು ಬಂದು ಸ್ಕೋರ್ ಶೀಟ್ ಕೇಳಿದೆ. ಅಂಪೈರ್ ಹುಡುಗ ಜೇಬು ತಡಕಿದ, ಮೇಜಿನ ಕೆಳಗೆ ನೋಡಿದ. ಕೊನೆಗೆ ಶೀಟ್ ಸಿಕ್ಕಿತು. ಅದರ ಮೇಲೆ ಯಾರೋ ಮಿರ್ಚಿ ಭಜಿ ತಿಂದಿದ್ದರು. ನನ್ನ ಹದಿನೇಳು ಪಾಯಿಂಟು ಎಣ್ಣೆ ಕುಡಿದು, ಕಾಗದ ಈಚೆಯಿಂದ ಆಚೆ ಕಾಣುವಷ್ಟು ಪಾರದರ್ಶಕವಾಗಿತ್ತು. ಸಮಿತಿ ಕೂಡಿತು, ಚಾ ಕುಡಿಯಿತು, ತೀರ್ಮಾನಿಸಿತು: “ಇಬ್ರದೂ ಸೊನ್ನಿ ಮಾಡ್ರಿ. ಒಂದೇ ಬೋರ್ಡ್ ಆಡ್ರಿ.” ಟಾಸ್ ಸೋತೆ. ಉಳಿದದ್ದು ಹೇಳುವಂಥದ್ದಲ್ಲ.

ಅವತ್ತು ರಾತ್ರಿ ಬಸ್ಸಿನಲ್ಲಿ ಬರುವಾಗ ನನ್ನ ಚೀಲದ ಆಲೋಚನೆ ಹುಟ್ಟಿತು. ವ್ಯವಸ್ಥೆ ಸರಿಯಿಲ್ಲ ಅಂತ ಅಳುವ ಬದಲು ವ್ಯವಸ್ಥೆಯನ್ನೇ ಹೆಗಲಿಗೆ ಹಾಕಿಕೊಂಡು ಹೋದರೆ? ಮೊದಲು ಒಂದು ಡಬ್ಬಿ ಬೋರಿಕ್ ಪೌಡರ್ ಇಟ್ಟೆ. ಒಂದು ಕಡೆ ಮುಖಕ್ಕೆ ಹಚ್ಚುವ ಪೌಡರ್ ಹಾಕಿ ಆಡಿಸಿದ್ದರು. ಬೋರ್ಡು ಮದುಮಗಳ ಹಾಗೆ ಘಮಘಮ ಅನ್ನುತ್ತಿತ್ತು, ಕಾಯಿಗಳೂ ಅಷ್ಟೇ ನಾಚಿಕೆಯಿಂದ ನಡೆಯುತ್ತಿದ್ದವು. ಆಮೇಲೆ ನೂರು ವ್ಯಾಟಿನ ಬಲ್ಬು, ಹೋಲ್ಡರ್, ಮೇಲೆ ಮುಚ್ಚಲು ತಗಡಿನ ಟೋಪಿ, ಹತ್ತು ಮೀಟರ್ ವೈರು. ಮೇಸ್ತ್ರಿಯೊಬ್ಬರಿಂದ ಹಳೇ ರಸಮಟ್ಟ ತಂದೆ. ಬೋರ್ಡು ವಾಲಿದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಗುಳ್ಳೆ ಓಡಿದ್ದು ಕಣ್ಣಿಗೆ ಕಂಡರೆ ಬಸ್ ಟಿಕೆಟ್ ಮಡಚಿ ಕಾಲಿನ ಕೆಳಗೆ ಇಡುತ್ತಾರೆ. ಬ್ರಶ್ಶು, ಒಂದು ಜೊತೆ ಹೆಚ್ಚಿಗೆ ಕಾಯಿ, ಸೀಟಿ, ಕನ್ನಡದಲ್ಲಿ ನಾನೇ ಕೈಬರಹದಲ್ಲಿ ಇಳಿಸಿದ ನಿಯಮಗಳು, ಎಣ್ಣೆ ಹತ್ತದ ಹಾಗೆ ಪ್ಲಾಸ್ಟಿಕ್ ಹಾಕಿಸಿದ ಸ್ಕೋರ್ ಶೀಟು. “ನಮ್ಮ ಮದುವಿ ದಿಬ್ಬಣಕ್ಕೂ ಇಷ್ಟು ಸಾಮಾನು ಒಯ್ದಿರಲಿಲ್ರೀ ನೀವು” ಅಂದಳು ಹೆಂಡತಿ. ಚೀಲ ಎತ್ತಿ ನೋಡಿ, “ಭಾರನೂ ಹೆಚ್ಚದ, ನಿಮಗಿಂತ ಉಪಯೋಗನೂ ಹೆಚ್ಚದ” ಅಂತ ಸೇರಿಸಿದಳು. ಆ ಮಾತನ್ನು ನಾನು ಆಗ ಹಗುರವಾಗಿ ತೆಗೆದುಕೊಂಡೆ.

ಚೀಲ ಹೊತ್ತು ಮೊದಲು ಹೋದದ್ದು ಔರಾದಿಗೆ. ಮಾಂಜ್ರಾ ದಾಟಿ, ಸಂತಪುರ ಹಾದು ಹೋದರೆ ಸಿಗುವ, ಕರ್ನಾಟಕದ ತುತ್ತತುದಿಯ ತಾಲೂಕು. ಅದರಾಚೆ ಕರ್ನಾಟಕವಿಲ್ಲ, ಹಾಗಾಗಿ ಅಲ್ಲಿಯ ಸಮಿತಿಗೆ ಮೇಲಿನವರ ಅಂಜಿಕೆಯೂ ಇಲ್ಲ. ಜೂನ್ ತಿಂಗಳು, ಮೊದಲ ಮಳೆ ಬಿದ್ದ ಸಂಜೆ. ಅಮರೇಶ್ವರ ಗುಡಿಯ ಕಡೆಯಿಂದ ಗಂಟೆ ಸಪ್ಪಳ, ಮಣ್ಣಿನ ವಾಸನೆ, ನನ್ನ ಬಲ್ಬಿನ ಬೆಳಕು. ಎಲ್ಲರೂ ಹೊಗಳಿದರು. ಬೆಳಕು ಎಷ್ಟು ಚೆನ್ನಾಗಿತ್ತೆಂದರೆ ತಾಲೂಕಿನ ಮಳೆಹುಳಗಳೆಲ್ಲ ನೋಡಲು ಬಂದವು.

ನಾನು ರಾಣಿಗೆ ಗುರಿ ಇಟ್ಟಿದ್ದೆ. ನೇರ ಹೊಡೆತ, ಕಣ್ಣು ಮುಚ್ಚಿ ಹೊಡೆದರೂ ಬೀಳುವಂಥದ್ದು. ಹೊಡೆದೆ. ಅದೇ ಕ್ಷಣಕ್ಕೆ ರೆಕ್ಕೆ ಉದುರಿದ ಹುಳವೊಂದು ರಾಣಿಯ ಮುಂದೆ ಬಿತ್ತು. ಸ್ಟ್ರೈಕರ್ ಹುಳದ ಮೇಲೆ ಹಾದು, ಜಾರಿ, ಎದುರಾಳಿಯ ಕೊನೆಯ ಕಾಯಿಯನ್ನು ಕಿಸೆಗೆ ಹಾಕಿತು. ನನ್ನ ಕೈಯಿಂದಲೇ ಅವನು ಗೆದ್ದ. ನಾನು ಎದ್ದು ನಿಂತೆ, ಎದ್ದು ನಿಲ್ಲುವುದು ನಿಯಮಕ್ಕೆ ವಿರುದ್ಧ ಅನ್ನುವುದೂ ಮರೆತುಹೋಯಿತು. ಸುತ್ತ ನಿಂತವರಲ್ಲಿ ಎರಡು ಪಕ್ಷ ಆಯಿತು.

“ಹುಳ ಹೊರಗಿನ ವಸ್ತು, ಶಾಟ್ ವಾಪಸ್ ಕೊಡ್ರಿ.”

“ಅರೇ ಕೈಸಾ ವಾಪಸ್ ಭಾಯ್? ಹುಳ ತಾನೇ ಬಂತು, ಯಾರರೆ ಕರ್ದಾರೇನು?”

“ಕರ್ದಾರ! ಬಲ್ಬು ಯಾರದು? ಕಾಕಾನ ಬಲ್ಬು!”

ಈ ವಾದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಕೈಬರಹದ ನಿಯಮಾವಳಿ ತೆರೆದು ಹುಡುಕಿದೆ, ಹುಳದ ಕಲಮು ಎಲ್ಲೂ ಕಾಣಲಿಲ್ಲ. ಪ್ರೇಕ್ಷಕರಲ್ಲಿ ಒಬ್ಬ ಅಜ್ಜ ಅಂಗೈಯಲ್ಲಿ ಹುಳ ಎತ್ತಿಕೊಂಡು, “ಪಾಪ, ಸತ್ತದ ನೋಡ್ರಿ. ಇದರ ಡ್ಯೂ ಯಾರ ಕೊಡಾಂವ?” ಅಂದ. ಸಮಿತಿಯ ತೀರ್ಮಾನ ಬಂತು: ಬಲ್ಬು ಆಟಗಾರನದ್ದು, ಹುಳ ಬಲ್ಬಿನದ್ದು, ಆದ್ದರಿಂದ ಹುಳ ಆಟಗಾರನದ್ದು. ಸೋತೆ. ಆದರೆ ಬಲ್ಬು ತೆಗೆಯಲು ಕೈ ಚಾಚಿದಾಗ ಇಡೀ ಸಮಿತಿ ಓಡಿ ಬಂತು. “ಕಾಕಾ, ನೀವು ಔಟಾದ್ರೂ ಬಲ್ಬು ಇನ್ನಾ ಔಟಾಗಿಲ್ರಿ!” ಫೈನಲ್ ಮುಗಿಯುವ ತನಕ, ರಾತ್ರಿ ಎರಡು ಗಂಟೆವರೆಗೆ, ನನ್ನ ಬಲ್ಬಿನ ಕಾವಲು ಕೂತೆ.

ಅಲ್ಲಿಂದ ಚೀಲಕ್ಕೆ ಹೆಸರು ಬಂತು. ಬೀದರಿನಲ್ಲಿ ಪಂದ್ಯವಾದರೆ ಫೋನು, ಭಾಲ್ಕಿಯಲ್ಲಾದರೆ ಫೋನು. “ಕಾಕಾ, ಬರ್ಲತ್ತೀರಲ್ಲ? ಚೀಲ ತರ್ಲತ್ತೀರಲ್ಲ?” ಮೊದಮೊದಲು ಈ ಎರಡೂ ಪ್ರಶ್ನೆ ಇರುತ್ತಿದ್ದವು. ಕಾಲಕ್ರಮೇಣ ಮೊದಲನೆಯದು ಉದುರಿಹೋಯಿತು.

ಹೋದ ಸಲ ಔರಾದಿನಿಂದ ಕರೆ ಬಂದಾಗ ನನಗೆ ಜ್ವರ. ಬರಲು ಆಗುವುದಿಲ್ಲ ಅಂದೆ. ಆ ಕಡೆ ಹುಡುಗನ ದನಿಯಲ್ಲಿ ಒಂದು ಎಳೆ ದುಃಖವೂ ಇರಲಿಲ್ಲ. “ನಡೀತದ್ರಿ ಕಾಕಾ, ಆರಾಮ ಮಾಡ್ರಿ. ಚೀಲ ಬಸ್ಸಿಗಿ ಹಾಕ್ರಿ, ನಾವು ಸ್ಟ್ಯಾಂಡಿನಾಗ ಇಳಿಸ್ಕೋತೀವಿ.” ಹಾಕಿದೆ. ಚೀಲಕ್ಕೆ ಅರ್ಧ ಟಿಕೆಟ್ ಆಯಿತು.

ಸೋಮವಾರ ಚೀಲ ವಾಪಸ್ ಬಂತು. ಬಿಚ್ಚಿದರೆ ಒಳಗೆ ಎಲ್ಲ ಇತ್ತು, ಸೀಟಿ ಒಂದನ್ನು ಬಿಟ್ಟು. ಮೇಲೊಂದು ಶಾಲು, ಬಾಡಿದ ಹಾರ. ಅಡಿಯಲ್ಲಿ ಒಂದು ಪ್ರಮಾಣಪತ್ರ. ನನ್ನ ಹೆಸರಿನಲ್ಲಿ ಎರಡು ತಪ್ಪು, ಇನಿಷಿಯಲ್ ಬೇರೆ ಯಾರದೋ. ಆದರೆ ಊರು ನಮ್ಮದೇ. ‘ಪುರುಷರ ಸಿಂಗಲ್ಸ್ ವಿಭಾಗದಲ್ಲಿ ಸೆಮಿಫೈನಲ್ ಪ್ರವೇಶಿಸಿದ್ದಕ್ಕಾಗಿ.’ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಎರಡನೆಯ ಸುತ್ತು ದಾಟಿದವನಲ್ಲ. ಫೋನ್ ಹಚ್ಚಿದೆ.

ವಿಷಯ ಇಷ್ಟು. ಸಂಖ್ಯೆ ಹೆಚ್ಚು ಕಾಣಲಿ ಅಂತ ಹಳೇ ಪಟ್ಟಿಯಿಂದ ನನ್ನ ಹೆಸರು ಸೇರಿಸಿದ್ದರು. ಮೊದಲ ಸುತ್ತಿನ ಎದುರಾಳಿಯ ಹೆಸರೂ ಅದೇ ಹಳೇ ಪಟ್ಟಿಯದು, ಆತ ಪುಣೆಯಲ್ಲಿ ಕೆಲಸಕ್ಕಿದ್ದಾನೆ. ಇಬ್ಬರೂ ಇಲ್ಲ, ಆದರೆ ನನ್ನ ಚೀಲ ಕುರ್ಚಿಯ ಮೇಲಿತ್ತು. ಚೀಲ ಇದೆ ಅಂದಮೇಲೆ ಕಾಕಾ ಚಾ ಕುಡಿಯಲು ಹೋಗಿರಬೇಕು ಅಂತ ಅಂಪೈರ್ ನನಗೆ ಗೆಲುವು ಬರೆದ. ಎರಡನೆಯ ಸುತ್ತಿನವನು ಚೀಲ ನೋಡಿ ನನಗಾಗಿ ಒಂದು ತಾಸು ಕಾದು, ಕೊನೆಯ ಬಸ್ಸು ಹೋಗುತ್ತದೆ ಅಂತ ಎದ್ದು ಹೋದ. ಹನ್ನೊಂದು ಜನ ಉಳಿದಾಗ ಬೈ ನನಗೇ ಬಂತು. ಆರು ಜನ ಇದ್ದಾಗ ನನ್ನ ಎದುರಾಳಿ ಅಂಪೈರ್ ಜೊತೆ ಜಗಳವಾಡಿ ಬೋರ್ಡಿಗೆ ಗುದ್ದಿ ಹೊರಬಿದ್ದ. ಜಗಳ ಪೌಡರ್ ಬಗ್ಗೆ, ನನ್ನದೇ ಪೌಡರ್.

“ಹಂಗಾರ ಸೆಮಿಫೈನಲ್ ಯಾರು ಗೆದ್ರು?” ಅಂತ ಕೇಳಿದೆ. ಎದೆ ಹೊಡೆದುಕೊಳ್ಳುತ್ತಿತ್ತು.

“ಎಲ್ಲಿರಿ, ಕರೆಂಟ್ ಹೋಯ್ತು, ನಿಂತದ. ಬರೋ ಐತವಾರ ಅದ. ಶನಿವಾರ ಸಂಜಿ ಬಸ್ಸಿಗೆ ಚೀಲ ಹಾಕಿಬಿಡ್ರಿ ಕಾಕಾ.”

“ಜ್ವರ ಬಿಟ್ಟದ. ನಾನೇ ಬರ್ತೀನಿ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಫೋನಿನ ಬಾಯಿ ಕೈಯಿಂದ ಮುಚ್ಚಿ ಯಾರ ಜೊತೆಗೋ ಮಾತಾಡಿದ ಸಪ್ಪಳ. ಸಮಿತಿ ಕೂಡಿರಬೇಕು. ಆಮೇಲೆ ಹುಡುಗ ಬಹಳ ಮರ್ಯಾದೆಯಿಂದ ಹೇಳಿದ:

“ನೀವು ಯಾಕ್ರಿ ಕಾಕಾ ಸುಮ್ನ ತ್ರಾಸ ತಗೋತೀರಿ? ಚೀಲ ಚಲೋ ಆಡ್ಲತ್ತದ.”